ಯುಎಸ್‌ಎನ್‌ನ ಮೊದಲ ಅಂಕೆ ಬೇರೆ, ತಂಡ ಒಂದೇ: ವಿಟಿಯು ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ಅಕಾಡೆಮಿಕ್ ಸೆನೆಟ್ ಹಾಗೂ ಅಧ್ಯಯನ ಮಂಡಳಿಗಳ ಗೌರವಾನ್ವಿತ ಸದಸ್ಯರಿಗೆ,

ಸವಿನಯ ವಂದನೆಗಳು.

ನಮ್ಮ ವಿಭಾಗದ ಗ್ರಂಥಾಲಯದ ಕಪಾಟಿನಲ್ಲಿ ಹದಿನಾರು ವರ್ಷಗಳ ಫೈನಲ್ ಇಯರ್ ಪ್ರಾಜೆಕ್ಟ್ ವರದಿಗಳು ಸಾಲಾಗಿ ನಿಂತಿವೆ. ನಾನು ಈ ಕಾಲೇಜಿಗೆ ಸೇರಿದ ವರ್ಷದಿಂದ ಒಂದೊಂದಾಗಿ ಜೋಡಿಸಿಟ್ಟವು ಅವು. ಕಳೆದ ಬೇಸಿಗೆಯಲ್ಲಿ ಹಳೆಯದೊಂದನ್ನು ಹುಡುಕುತ್ತ ಹತ್ತಾರು ವರದಿಗಳ ಮೊದಲ ಪುಟವನ್ನು ತಿರುವಿದಾಗ, ಇಷ್ಟು ವರ್ಷ ಕಣ್ಣೆದುರೇ ಇದ್ದ ಒಂದು ಸಂಗತಿ ಮೊದಲ ಬಾರಿಗೆ ಗಮನಕ್ಕೆ ಬಂತು. ಪ್ರತಿ ವರದಿಯ ಮೇಲೂ ಮೂರೋ ನಾಲ್ಕೋ ಹೆಸರುಗಳು, ಹೆಸರಿನ ಪಕ್ಕದಲ್ಲಿ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೆ ಕೊಡುವ ನೋಂದಣಿ ಸಂಖ್ಯೆ. ಆ ಯುಎಸ್‌ಎನ್‌ಗಳ ಮೊದಲ ಮೂರು ಅಕ್ಷರಗಳು ಒಂದು ವರದಿಯಲ್ಲಿಯೂ ಒಂದಕ್ಕಿಂತ ಒಂದು ಬೇರೆಯಾಗಿರಲಿಲ್ಲ. ನಮ್ಮ ವಿಶ್ವವಿದ್ಯಾಲಯದ ಯುಎಸ್‌ಎನ್‌ನಲ್ಲಿ ಮೊದಲ ಅಂಕೆ ಪ್ರದೇಶವನ್ನು ಸೂಚಿಸುತ್ತದೆ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ನಂತರದ ಎರಡು ಅಕ್ಷರಗಳು ಕಾಲೇಜನ್ನು ಹೇಳುತ್ತವೆ. 3ರಿಂದ ಶುರುವಾಗುವ ಸಂಖ್ಯೆಯೊಂದು 4ರಿಂದ ಶುರುವಾಗುವ ಸಂಖ್ಯೆಯ ಕೆಳಗೆ ಅಚ್ಚಾದ ಪ್ರಾಜೆಕ್ಟ್ ವರದಿಯನ್ನು ನಾನು ಈತನಕ ಕಂಡಿಲ್ಲ.

ಈ ಪತ್ರದ ಕೋರಿಕೆ ಇಷ್ಟೇ. ನಮ್ಮ ವಿಶ್ವವಿದ್ಯಾಲಯದ ಎರಡು ಬೇರೆ ಬೇರೆ ಕಾಲೇಜುಗಳ, ಸಾಧ್ಯವಾದರೆ ಎರಡು ಬೇರೆ ಪ್ರದೇಶಗಳ ವಿದ್ಯಾರ್ಥಿಗಳು ಸೇರಿ ಒಂದು ಪ್ರಾಜೆಕ್ಟ್ ಬ್ಯಾಚ್ ಆಗುವುದಕ್ಕೆ ನಿಯಮದಲ್ಲಿ ಸ್ಪಷ್ಟವಾದ ಅವಕಾಶ ಕೊಡಬೇಕು. ಅಂಥ ಬ್ಯಾಚಿನ ಕೆಲಸವನ್ನು ಅಳೆಯುವುದಕ್ಕೆ ತಕ್ಕ ಕ್ರಮವೊಂದನ್ನು ರೂಪಿಸಬೇಕು. ದೂರವಿದ್ದರೂ ಒಟ್ಟಿಗೆ ಕೆಲಸ ಮಾಡಬಹುದು ಎಂಬ ಕಾರಣಕ್ಕೆ ನಾನಿದನ್ನು ಕೇಳುತ್ತಿಲ್ಲ. ದೂರವಿದ್ದುಕೊಂಡು ಒಟ್ಟಿಗೆ ಕೆಲಸ ಮಾಡಿದಾಗ ಮಾತ್ರ ಕಲಿಯಲಾಗುವ ಇಂಜಿನಿಯರಿಂಗ್ ಒಂದಿದೆ, ಅದನ್ನು ನಾವು ಕಲಿಸುತ್ತಿಲ್ಲ ಎಂಬುದು ನನ್ನ ಅಳಲು.

ದೂರವನ್ನು ದಾಟುವ ಪ್ರಯತ್ನ ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸದಲ್ಲ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದಾಗಲೇ ರಾಜ್ಯದ ಉದ್ದಗಲಕ್ಕೂ ಹರಡಿದ್ದ ಕಾಲೇಜುಗಳು ಒಂದೇ ಪಠ್ಯಕ್ರಮದ ಕೆಳಗೆ ಬಂದವು. ಇಂದು ಸಂಯೋಜಿತ ಕಾಲೇಜುಗಳ ಸಂಖ್ಯೆ 200ನ್ನು ಮೀರಿದೆ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹವನ್ನು ಹಾರಿಸುವ ಮೊದಲೇ, ಆ ಯೋಜನೆಯ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ದೇಶದ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ವಿಟಿಯು ಒಂದಾಗಿತ್ತು. ಒಂದು ಸ್ಟುಡಿಯೋದಲ್ಲಿ ನಿಂತ ಅಧ್ಯಾಪಕರ ಪಾಠ ನಾಡಿನ ಮೂಲೆಮೂಲೆಯ ತರಗತಿಗೆ ತಲುಪಿದ ಆ ದಿನಗಳನ್ನು ಹಿರಿಯ ಸಹೋದ್ಯೋಗಿಗಳು ಇಂದಿಗೂ ನೆನೆಯುತ್ತಾರೆ. ಅದು ದೊಡ್ಡ ಹೆಜ್ಜೆಯೇ ಹೌದು. ಆದರೆ ಆ ಸೇತುವೆಯ ಮೇಲೆ ಪಾಠ ಒಂದೇ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ ಹರಿಯಿತು. ನಂತರ ಬಂದ ಎನ್‌ಪಿಟಿಇಎಲ್ (ಐಐಟಿ ಅಧ್ಯಾಪಕರ ಪಾಠಗಳ) ವೀಡಿಯೋಗಳಲ್ಲಿ, 2020ರಲ್ಲಿ ಕೊರೋನಾ ಕಾಲದಲ್ಲಿ ನಾವೆಲ್ಲ ನಡೆಸಿದ ಆನ್‌ಲೈನ್ ತರಗತಿಗಳಲ್ಲಿಯೂ ಆದದ್ದು ಅದೇ. ಭಾಲ್ಕಿಯ ವಿದ್ಯಾರ್ಥಿಗೂ ಕುಶಾಲನಗರದ ವಿದ್ಯಾರ್ಥಿಗೂ ಒಂದೇ ಪಾಠ ತಲುಪಿತು. ಅವರಿಬ್ಬರು ಮಾತ್ರ ಒಬ್ಬರಿಗೊಬ್ಬರು ತಲುಪಲಿಲ್ಲ.

ಎರಡು ವರ್ಷಗಳ ಹಿಂದೆ ಕರಾವಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬೋಧಿಸುವ ನನ್ನ ಸ್ನೇಹಿತೆಯೊಬ್ಬರೂ ಕಲಬುರಗಿ ಪ್ರದೇಶದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಬೋಧಿಸುವ ನಾನೂ ಸೇರಿ, ಅಧಿಕೃತವಾಗಿ ಅಲ್ಲದಿದ್ದರೂ, ಇಂಥದ್ದೊಂದು ತಂಡವನ್ನು ಕಟ್ಟಿ ನೋಡಿದೆವು. ಆ ಅನುಭವವನ್ನು ಸ್ವಲ್ಪ ವಿವರವಾಗಿಯೇ ತಮ್ಮ ಮುಂದಿಡಬೇಕಾಗಿದೆ, ಏಕೆಂದರೆ ನನ್ನ ಕೋರಿಕೆಯ ಆಧಾರವೇ ಅದು.

ನಮ್ಮ ಕಡೆಯಿಂದ ಇಬ್ಬರು ಹುಡುಗರು, ಅವರ ಕಡೆಯಿಂದ ಇಬ್ಬರು ಹುಡುಗಿಯರು. ಮಣ್ಣಿನ ತೇವಾಂಶವನ್ನು ಅಳೆದು ರೈತರ ಮೊಬೈಲಿಗೆ ಸಂದೇಶ ಕಳಿಸುವ, ಕಡಿಮೆ ಬೆಲೆಯ ಸಾಧನವೊಂದನ್ನು ಮಾಡುವುದು ಕೆಲಸ. ಸರ್ಕ್ಯೂಟ್ ನಮ್ಮವರದು, ಸಾಫ್ಟ್‌ವೇರ್ ಅವರದು. ಜೋಡಿಸಿದ ಒಂದು ಬೋರ್ಡನ್ನು ನಮ್ಮ ಹುಡುಗರು ಥರ್ಮೋಕೋಲಿನ ನಡುವೆ ಇಟ್ಟು, ಬಸ್ಸಿನ ‘ನಮ್ಮ ಕಾರ್ಗೋ’ದಲ್ಲಿ ಕರಾವಳಿಗೆ ಕಳಿಸಿದರು. ಅಲ್ಲಿಯ ವಿದ್ಯಾರ್ಥಿನಿಯರು ತಮ್ಮ ಹಾಸ್ಟೆಲಿನ ಹಿಂದಿನ ತೋಟದ ಜಂಬಿಟ್ಟಿಗೆ ಮಣ್ಣಿನಲ್ಲಿ ಸೆನ್ಸರನ್ನು ಊರಿ, ಅದರ ಅಳತೆಯನ್ನು ಆ ಮಣ್ಣಿಗೆ ಹೊಂದಿಸಿ (ಕ್ಯಾಲಿಬ್ರೇಟ್ ಮಾಡಿ), ಪ್ರೋಗ್ರಾಂ ಬರೆದು ಕಳಿಸಿದರು. ಅಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಅದೇ ಪ್ರೋಗ್ರಾಮನ್ನು ಹಾಕಿದ ಇನ್ನೊಂದು ಬೋರ್ಡನ್ನು ನಮ್ಮ ಹುಡುಗರು ಅಕ್ಟೋಬರ್ ಕೊನೆಯಲ್ಲಿ ತೊಗರಿ ಹೊಲವೊಂದರಲ್ಲಿ ಇಟ್ಟಾಗ, ಆಳದಲ್ಲಿ ಮಣ್ಣು ತೇವವಿದ್ದರೂ ಸಾಧನ ಪೂರ್ತಿ ಒಣಗಿದೆ ಎಂದೇ ತೋರಿಸತೊಡಗಿತು.

ಮುಂದಿನ ಎರಡು ವಾರಗಳು ತಂಡ ಮುರಿದುಬೀಳುವ ಸ್ಥಿತಿಯಲ್ಲಿತ್ತು. ಪ್ರೋಗ್ರಾಂ ತಪ್ಪಿದೆ ಎಂದು ಇಲ್ಲಿಯವರು, ವೈರಿಂಗ್ ತಪ್ಪಿದೆ ಎಂದು ಅಲ್ಲಿಯವರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದಷ್ಟು ದಿನ ಮಾತು, ಅನಂತರ ಮೌನ. ವೀಡಿಯೋ ಮೀಟಿಂಗ್ ಕರೆದರೆ ಎಲ್ಲರ ಕ್ಯಾಮೆರಾ ಆಫ್. ಇಂಗ್ಲಿಷಿನಲ್ಲಿಯೇ ಮಾತಾಡಬೇಕೆಂಬ ಹಿಂಜರಿಕೆಯಿಂದ ನಮ್ಮ ಹುಡುಗರು ‘ಯೆಸ್ ಮೇಡಂ’ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕಡೆಗೊಂದು ದಿನ ನಾನು, ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ, ಹೊಲದಲ್ಲೇ ನಿಂತು ಫೋನು ಹಿಡಿದು ತೋರಿಸಿ ಎಂದೆ. ಅವರಲ್ಲೊಬ್ಬ ಫೋನನ್ನು ನೆಲದತ್ತ ತಿರುಗಿಸಿ ಹೇಳಿದ: “ನೋಡ್ರಿ, ಎರಿ ಹೊಲ ಐತ್ರಿ ಇದು. ಮ್ಯಾಲ ಒಣಗಿದ್ರ ನೆಲ ಬಿರೀತದ್ರಿ. ಆ ಬಿರುಕಿನ್ಯಾಗ ಸೆನ್ಸರ್ ಮಣ್ಣಿಗಿ ತಾಗಂಗಿಲ್ರಿ.” ಆ ಕಡೆಯಿಂದ ಹುಡುಗಿಯೊಬ್ಬಳ ಅಚ್ಚರಿಯ ದನಿ ಕೇಳಿಸಿತು: “ನೆಲ ಹೀಗೆ ಬಿರಿಯುವುದುಂಟಾ?”

ಎರೆ ಮಣ್ಣು ಒಣಗಿದಂತೆ ಕುಗ್ಗಿ, ಕೈಬೆರಳು ತೂರುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಕೆಪ್ಯಾಸಿಟಿವ್ ಸೆನ್ಸರ್ ತನ್ನ ಮೈಗೆ ಅಂಟಿಕೊಂಡಿರುವ ವಸ್ತುವನ್ನು ಮಾತ್ರ ಅಳೆಯುತ್ತದೆ. ಮಣ್ಣು ಸರಿದು ನಡುವೆ ಗಾಳಿ ಸೇರಿಕೊಂಡರೆ ಅದು ಗಾಳಿಯನ್ನೇ ಅಳೆದು ‘ಒಣಗಿದೆ’ ಎನ್ನುತ್ತದೆ. ಇದಲ್ಲದೆ ಎರೆ ಮಣ್ಣು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಜಂಬಿಟ್ಟಿಗೆ ಮಣ್ಣಿನಲ್ಲಿ ಗಿಡ ನಳನಳಿಸುತ್ತಿರುವಷ್ಟೇ ತೇವಾಂಶದಲ್ಲಿ ಎರೆ ಮಣ್ಣಿನ ಗಿಡ ಬಾಡತೊಡಗಿರಬಹುದು. ಅಂದರೆ ಒಂದು ಮಣ್ಣಿಗೆ ಗೊತ್ತುಮಾಡಿದ ಮಿತಿಯ ಅಂಕಿ ಇನ್ನೊಂದು ಮಣ್ಣಿಗೆ ಸಲ್ಲುವುದಿಲ್ಲ. ಪ್ರೋಗ್ರಾಂ ತಪ್ಪಿರಲಿಲ್ಲ, ವೈರಿಂಗೂ ತಪ್ಪಿರಲಿಲ್ಲ. ಎರಡೂ ಕಡೆಯವರು ತಮ್ಮ ಕಾಲ ಕೆಳಗಿನ ಮಣ್ಣನ್ನೇ ಲೋಕದ ಮಣ್ಣು ಎಂದು ಭಾವಿಸಿ, ಅದನ್ನು ಹೇಳುವ ಅಗತ್ಯವಿದೆ ಎಂದುಕೊಂಡಿರಲಿಲ್ಲ.

ಆ ಸಂಜೆ ನಾಲ್ವರೂ ಸೇರಿ ಎರಡು ಪುಟದ ಒಂದು ಹಾಳೆ ಬರೆದರು. ಸೆನ್ಸರ್ ಎಷ್ಟು ಆಳದಲ್ಲಿ ಇರಬೇಕು, ಬೋರ್ಡಿನಿಂದ ಬರುವ ಪ್ರತಿ ಅಂಕಿಯ ಏಕಮಾನ ಯಾವುದು, ಕ್ಯಾಲಿಬ್ರೇಷನ್ ಯಾವ ಮಣ್ಣಿನದು, ಯಾರು ಯಾವ ಫೈಲನ್ನು ಬದಲಿಸಿದರೆ ಯಾರಿಗೆ ತಿಳಿಸಬೇಕು, ಇಷ್ಟೇ. ಹದಿನಾರು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ಸ್ವಂತ ಅಗತ್ಯದಿಂದ ಬರೆದ ಮೊದಲ ಇಂಟರ್‌ಫೇಸ್ ದಾಖಲೆ, ಅಂದರೆ ಇಬ್ಬರ ಕೆಲಸ ಒಂದಕ್ಕೊಂದು ಹೇಗೆ ಕೂಡಬೇಕು ಎಂದು ಹೇಳುವ ಬರಹ, ಅದು. ಒಂದೇ ಹಾಸ್ಟೆಲಿನಲ್ಲಿ, ಒಂದೇ ಲ್ಯಾಬಿನಲ್ಲಿ, ಒಂದೇ ಬೆಂಚಿನ ಮೇಲೆ ಕೆಲಸ ಮಾಡುವ ತಂಡಕ್ಕೆ ಅಂಥ ಹಾಳೆಯ ಅಗತ್ಯವೇ ಬೀಳುವುದಿಲ್ಲ. ಏನಾದರೂ ಎಡವಟ್ಟಾದರೆ ಪಕ್ಕದವನನ್ನು ಕರೆದು ತೋರಿಸಿದರೆ ಸಾಕು. ಬರೆದಿಡುವ ಶಿಸ್ತು ಅವರಿಗೆ ಬರುವುದಿಲ್ಲ ಎಂದು ನಾವು ದೂರುತ್ತೇವೆ, ಆದರೆ ಬರೆದಿಡದೆ ಕೆಲಸ ಸಾಗದಂಥ ಸಂದರ್ಭವನ್ನು ಅವರಿಗೆ ಒಮ್ಮೆಯೂ ಒದಗಿಸುವುದಿಲ್ಲ.

ಉದ್ಯೋಗಕ್ಕೆ ಸೇರಿದ ಮೊದಲ ದಿನದಿಂದಲೇ ಅವರು ಎದುರಿಸಬೇಕಾದದ್ದು ಇಂಥ ಸಂದರ್ಭವನ್ನೇ. ಏರ್‌ಬಸ್ ಎ380 ವಿಮಾನದ ಕಥೆ ತಮಗೆ ತಿಳಿಯದ್ದಲ್ಲ. ಒಂದೊಂದು ವಿಮಾನದಲ್ಲಿ ಸುಮಾರು 500 ಕಿಲೋಮೀಟರ್ ಉದ್ದದ ವೈರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಿದ್ಧವಾದ ವೈರಿನ ಕಟ್ಟುಗಳು ಫ್ರಾನ್ಸಿನ ಟುಲೂಸ್‌ಗೆ ಬಂದು ಜೋಡಣೆಗೆ ನಿಂತಾಗ ಹೊಂದಿಕೊಳ್ಳಲಿಲ್ಲ. ಎರಡು ಕಡೆಯ ಇಂಜಿನಿಯರುಗಳು ಒಂದೇ ವಿನ್ಯಾಸ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. 2006ರಲ್ಲಿ ಆ ಸಂಸ್ಥೆ ವಿಮಾನಗಳ ಪೂರೈಕೆಯನ್ನು ಮತ್ತೆ ಮತ್ತೆ ಮುಂದೂಡಬೇಕಾಯಿತು, ಅಪಾರ ನಷ್ಟವನ್ನು ಹೊರಬೇಕಾಯಿತು. ನಮ್ಮ ತಂಡದಲ್ಲಿ ಇದರದೇ ಚಿಕ್ಕ ರೂಪ ಎದುರಾಯಿತು: ಇಲ್ಲಿಯವರು ಕೈಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಬರೆದ ಸರ್ಕ್ಯೂಟ್ ಫೈಲು ಅಲ್ಲಿಯ ಲ್ಯಾಬಿನ ಹಳೆಯ ಆವೃತ್ತಿಯಲ್ಲಿ ತೆರೆಯಲೇ ಇಲ್ಲ. ಎರಡು ದಿನ ಹೋಯಿತು, ಅಷ್ಟೇ. ಆದರೆ ಆ ಎರಡು ದಿನಗಳಲ್ಲಿ ಅವರು ಕಲಿತದ್ದನ್ನು ಯಾವ ಪಾಠದಿಂದಲೂ ನಾನು ಕಲಿಸಲಾರೆ.

ದೂರವಿದ್ದೂ ಒಟ್ಟಿಗೆ ಕೆಲಸ ಮಾಡುವುದಕ್ಕೆ ನಮ್ಮ ಮನೆಯಂಗಳದಲ್ಲೇ ಮಾದರಿಯಿದೆ: ಇಸ್ರೋ. ತಿರುವನಂತಪುರದಲ್ಲಿ ರೂಪುಗೊಂಡ ರಾಕೆಟ್ ಶ್ರೀಹರಿಕೋಟದಿಂದ ಹಾರಿ, ಬೆಂಗಳೂರಿನಲ್ಲಿ ಕಟ್ಟಿದ ಉಪಗ್ರಹವನ್ನು ಕಕ್ಷೆಗೆ ಒಯ್ಯುತ್ತದೆ. ಅದು ಭೂಸ್ಥಿರ ಉಪಗ್ರಹವಾಗಿದ್ದರೆ ಮುಂದೆ ಅದನ್ನು ನೋಡಿಕೊಳ್ಳುವವರು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಕೂತಿರುತ್ತಾರೆ. ಅಲ್ಲಿ ಕೆಲಸ ಮಾಡುವ ಎಷ್ಟೋ ಜನ ನಮ್ಮ ಕಾಲೇಜುಗಳಿಂದಲೇ ಹೋದವರು.

ಈಗ ನಿಯಮಗಳ ಮಾತು. 2014ರಲ್ಲಿ ಭಾರತ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮೂಲಕ, ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮನ್ನಿಸುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದಾಗಿನಿಂದ ನಾವೆಲ್ಲ ಪ್ರತಿ ವಿಷಯಕ್ಕೂ ಸಿಒ–ಪಿಒ ಮ್ಯಾಪಿಂಗ್, ಅಂದರೆ ಆ ವಿಷಯದ ಕಲಿಕೆ ಇಡೀ ಪದವಿಯ ಯಾವ ಫಲಿತಕ್ಕೆ ಎಷ್ಟು ನೆರವಾಗುತ್ತದೆ ಎಂಬ ಕೋಷ್ಟಕ, ತುಂಬುತ್ತ ಬಂದಿದ್ದೇವೆ. ವರ್ಷಗಳ ಕಾಲ ಬಳಕೆಯಲ್ಲಿದ್ದ ಹನ್ನೆರಡು ಫಲಿತಗಳ ಪಟ್ಟಿಯಲ್ಲಿ ಒಂಬತ್ತನೆಯದು ವೈಯಕ್ತಿಕ ಹಾಗೂ ತಂಡದ ಕೆಲಸ, ಹತ್ತನೆಯದು ಸಂವಹನ. ಪ್ರಾಜೆಕ್ಟ್ ಎಂದರೆ ಆ ಎರಡೂ ಕಾಲಂಗಳಲ್ಲಿ 3 ಎಂದು, ಅಂದರೆ ಅತಿ ಹೆಚ್ಚು ಎಂದು, ಬರೆಯುತ್ತೇವೆ. ಮೊದಲ ಸೆಮಿಸ್ಟರಿನಿಂದ ಜೊತೆಗಿದ್ದ, ಒಂದೇ ಪಿಜಿಯಲ್ಲಿ ಉಳಿದ, ಒಂದೇ ಬಸ್ಸಿನಲ್ಲಿ ಬರುವ ನಾಲ್ವರು ಗೆಳೆಯರು ಬ್ಯಾಚ್ ಮಾಡಿಕೊಂಡಾಗ ಅವರ ತಂಡದ ಕೆಲಸದ ಸಾಮರ್ಥ್ಯವನ್ನು ನಾವು ಅಳೆದಿದ್ದೇವೆಯೇ, ಅವರ ಸ್ನೇಹವನ್ನೇ ಅಳೆದಿದ್ದೇವೆಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ರಾಷ್ಟ್ರ ಮಟ್ಟದಲ್ಲೂ ಸ್ಥಿತಿ ಬೇರೆಯಿಲ್ಲ. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಎಂಬ ವಿದ್ಯಾರ್ಥಿ ಸ್ಪರ್ಧೆ ಆರು ಜನರ ತಂಡದಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಲೇಬೇಕು ಎನ್ನುತ್ತದೆ, ಬೇರೆ ಬೇರೆ ಬ್ರಾಂಚಿನವರು ಸೇರುವುದನ್ನು ಪ್ರೋತ್ಸಾಹಿಸುತ್ತದೆ. ಆದರೆ ಎಲ್ಲರೂ ಒಂದೇ ಕಾಲೇಜಿನವರಾಗಿರಬೇಕು ಎಂದೂ ಹೇಳುತ್ತದೆ. ಈ ವಿಷಯದಲ್ಲಿ ನಮ್ಮ ವಿಶ್ವವಿದ್ಯಾಲಯ ದೇಶಕ್ಕೇ ಮೊದಲ ಹೆಜ್ಜೆ ಹಾಕಿ ತೋರಿಸಬಹುದು.

ಅದಕ್ಕೆ ಬೇಕಾದ ಅಡಿಪಾಯ ನಮ್ಮಲ್ಲಿ ಈಗಾಗಲೇ ಇದೆ. 2018ರ ಸ್ಕೀಮ್‌ನ (ಪಠ್ಯಕ್ರಮದ) ಪ್ರಾಜೆಕ್ಟ್ ನಿಯಮ ನಾಲ್ವರನ್ನು ಮೀರದ ಬ್ಯಾಚಿಗೆ ಅಂತರಶಿಸ್ತೀಯ ಪ್ರಾಜೆಕ್ಟನ್ನು ಕೊಡಬಹುದು ಎಂದಿತು. ಅಂಥ ಪ್ರಾಜೆಕ್ಟಿನ ಸಿಐಇಯಲ್ಲಿ, ಅಂದರೆ ಕಾಲೇಜು ಮಟ್ಟದ ನಿರಂತರ ಆಂತರಿಕ ಮೌಲ್ಯಮಾಪನದಲ್ಲಿ, ಹೊರಗಿನ ಗೈಡ್ ಇದ್ದರೆ ಅವರೂ ಭಾಗವಹಿಸುವುದು ಅಪೇಕ್ಷಣೀಯ ಎಂದಿತು. ವಿಭಾಗದ ಗೋಡೆಯನ್ನು ದಾಟಿದ ಆ ವಾಕ್ಯ ಕಾಲೇಜಿನ ಗೋಡೆಯನ್ನೂ ದಾಟಲಿ. ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ವೇಳಾಪಟ್ಟಿ ಇರುವುದರಿಂದ ಅವುಗಳ ಜೊತೆ ಹೊಂದಿಸುವುದು ಕಷ್ಟವಾಗಬಹುದು. ಉಳಿದ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ, ಒಂದೇ ಶೈಕ್ಷಣಿಕ ಕ್ಯಾಲೆಂಡರ್, ಒಂದೇ ಅಂಕ ಪದ್ಧತಿ. ಬೇರೆ ದೇಶಗಳಲ್ಲಿ ಇಂಥ ತಂಡ ಕಟ್ಟುವವರಿಗೆ ಮೊದಲ ತಲೆನೋವೇ ಸೆಮಿಸ್ಟರುಗಳು ಹೊಂದದಿರುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1993ರಿಂದ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಾಸ್ತುಶಿಲ್ಪ, ಸಿವಿಲ್ ಮತ್ತು ನಿರ್ಮಾಣ ನಿರ್ವಹಣೆಯ ವಿದ್ಯಾರ್ಥಿಗಳನ್ನು ಒಂದೇ ಕಟ್ಟಡದ ವಿನ್ಯಾಸಕ್ಕೆ ಕೂಡಿಸುತ್ತ ಬಂದಿದೆ. ಅಲ್ಲಿ ಖಂಡಗಳ ನಡುವಿನ ಗಡಿಯಾರಗಳನ್ನೇ ಹೊಂದಿಸಬೇಕು. ನಮಗೆ ಹೊಂದಿಸಬೇಕಾದದ್ದು ಇಂಟರ್ನಲ್ಸ್ ನಡೆಯುವ ವಾರಗಳನ್ನು ಮಾತ್ರ.

ಬ್ಯಾಚಿನ ರಚನೆಯ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ: ಎರಡು ಕಡೆಯಿಂದ ಇಬ್ಬಿಬ್ಬರು ಇರಬೇಕು. ಮೂವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ಎಂದಾದರೆ ಆ ಒಬ್ಬರು ಅತಿಥಿಯಾಗಿಯೇ ಉಳಿಯುತ್ತಾರೆ. ನಿರ್ಧಾರಗಳೆಲ್ಲ ಮೂವರ ಕ್ಯಾಂಟೀನ್ ಮಾತಿನಲ್ಲಿ ಮುಗಿದುಹೋಗುತ್ತವೆ. ಬೆಂಗಳೂರಿನ ಕಾಲೇಜೊಂದು ದೂರದ ಜಿಲ್ಲೆಯ ಕಾಲೇಜಿನ ಜೊತೆ ಸೇರಿದಾಗ ಈ ಎಚ್ಚರ ಇನ್ನಷ್ಟು ಬೇಕು. ಕೆಲಸ ಹಂಚುವಾಗಲೂ ಯೋಚನೆಯೆಲ್ಲ ನಗರದ್ದು, ಹೊಲಕ್ಕೆ ಹೋಗಿ ಅಂಕಿ ತರುವ ಓಡಾಟ ಮಾತ್ರ ಹಳ್ಳಿಯ ಕಾಲೇಜಿನದ್ದು ಎಂದಾಗಬಾರದು. ನಮ್ಮ ತಂಡದಲ್ಲಿ ಉತ್ತರ ಕಂಡುಕೊಂಡವನು ಇಂಗ್ಲಿಷಿನ ಮೀಟಿಂಗಿನಲ್ಲಿ ಬಾಯಿ ಬಿಡದ ಹುಡುಗ ಎಂಬುದನ್ನು ದಯವಿಟ್ಟು ನೆನಪಿಡಬೇಕು. ವರದಿ ಇಂಗ್ಲಿಷಿನಲ್ಲಿರಲಿ, ಆದರೆ ತಂಡದ ಮಾತುಕತೆ ಕನ್ನಡದಲ್ಲಿ ನಡೆದರೆ ಅದು ಕೊರತೆಯಲ್ಲ ಎಂದು ಮಾರ್ಗಸೂಚಿಯಲ್ಲೇ ಒಂದು ಸಾಲು ಇರಲಿ.

ಅಂಕಗಳದ್ದು ನಿಜಕ್ಕೂ ಕಠಿಣ ಪ್ರಶ್ನೆ. ಈಗಿರುವ ಕ್ರಮದಲ್ಲಿ ಪ್ರಾಜೆಕ್ಟ್ ವರದಿಗೆ ಕೊಡುವ ಅಂಕ ಬ್ಯಾಚಿನ ಎಲ್ಲರಿಗೂ ಒಂದೇ. ಒಬ್ಬ ದುಡಿದು ಮೂವರು ಹೆಸರು ಹಾಕಿಸಿಕೊಂಡ ವರದಿಗಳು ಎಲ್ಲ ಕಾಲೇಜುಗಳ ಕಪಾಟಿನಲ್ಲೂ ಇವೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ದೂರದ ತಂಡದಲ್ಲಿ ಈ ಕಾಯಿಲೆ ಹೆಚ್ಚಾಗಬಹುದು ಎಂಬ ಅಂಜಿಕೆ ನನಗೂ ಇತ್ತು. ಆದರೆ ದೂರದ ತಂಡ ಮಾಡಿದ್ದೆಲ್ಲವೂ ಎಲ್ಲೋ ಒಂದು ಕಡೆ ಬರಹದಲ್ಲಿ ಉಳಿದಿರುತ್ತದೆ: ಯಾರು ಯಾವ ದಿನ ಯಾವ ಫೈಲು ಸೇರಿಸಿದರು, ಯಾವ ಪ್ರಶ್ನೆಗೆ ಯಾರು ಉತ್ತರಿಸಿದರು ಎಂಬುದು ಪ್ರೋಗ್ರಾಂ ಫೈಲುಗಳನ್ನು ಇಡುವ ಗಿಟ್‌ಹಬ್ ಜಾಲತಾಣದಲ್ಲಿಯೂ ವಾರದ ಲಾಗ್‌ಬುಕ್ಕಿನಲ್ಲಿಯೂ ತಾನಾಗಿ ಕಾಣುತ್ತದೆ. ಅದಕ್ಕೊಂದಿಷ್ಟು ಅಂಕ ಇರಲಿ. ಅದಕ್ಕಿಂತ ಮುಖ್ಯವಾಗಿ, ವೈವಾದಲ್ಲಿ ಪ್ರತಿ ವಿದ್ಯಾರ್ಥಿಯೂ ತಾನು ಮಾಡಿದ್ದನ್ನಲ್ಲ, ದೂರದ ಜೊತೆಗಾರ ಮಾಡಿದ್ದನ್ನು ವಿವರಿಸಬೇಕು ಎಂಬ ಒಂದು ನಿಯಮವನ್ನು ಪರಿಗಣಿಸಿ. ನಾವಿಬ್ಬರೂ ಗೈಡ್‌ಗಳು ಅದನ್ನು ಮಾಡಿ ನೋಡಿದೆವು. ಸಾಫ್ಟ್‌ವೇರ್ ಬರೆದ ಹುಡುಗಿ ಬಿಳಿ ಹಲಗೆಯ ಮೇಲೆ ಸೆನ್ಸರಿನ ಸರ್ಕ್ಯೂಟನ್ನು ಬಿಡಿಸಿ, ಮಣ್ಣು ಬಿರಿದರೆ ಸಾಧನ ತೋರಿಸುವ ತೇವಾಂಶ ಏಕೆ ಇಳಿಯುತ್ತದೆ ಎಂದು ವಿವರಿಸಿದಾಗ ತಂಡದ ಕೆಲಸ ನಡೆದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ.

ಇಬ್ಬರು ಗೈಡ್‌ಗಳಿಗೂ ಸಮಾನ ಸ್ಥಾನ ಇರಬೇಕು, ಇಬ್ಬರ ವರ್ಕ್‌ಲೋಡ್‌ನಲ್ಲೂ ಅದು ಪೂರ್ತಿ ಲೆಕ್ಕಕ್ಕೆ ಬರಬೇಕು. ಈಗಾಗಲೇ ನ್ಯಾಕ್, ಎನ್‌ಬಿಎ ಮಾನ್ಯತೆಯ ಕಡತಗಳ ನಡುವೆ ಉಸಿರು ಬಿಡಲು ಪುರುಸೊತ್ತಿಲ್ಲದ ಅಧ್ಯಾಪಕರಿಂದ ಇದನ್ನು ಉಚಿತ ಸೇವೆಯಾಗಿ ಬಯಸಿದರೆ ಯೋಜನೆ ಎರಡನೇ ವರ್ಷಕ್ಕೆ ನಿಲ್ಲುತ್ತದೆ.

ಒಂದು ಸಲವಾದರೂ ಮುಖಾಮುಖಿ ಭೇಟಿ ಬೇಕೇ ಬೇಕು. ಅದೂ ಕೊನೆಯಲ್ಲಲ್ಲ, ಮೊದಲಲ್ಲಿ. ನಾವು ಮಾಡಿದ ತಪ್ಪೇ ಅದು. ನಮ್ಮ ನಾಲ್ವರು ಪರಸ್ಪರ ಭೇಟಿಯಾದದ್ದು ಡಿಸೆಂಬರ್‌ನಲ್ಲಿ, ಪ್ರದರ್ಶನದ ಹಿಂದಿನ ದಿನ. ಮೊದಲೇ ಜೊತೆಗೆ ಕೂತು ಒಂದು ಹೊತ್ತಿನ ಊಟ ಮಾಡಿದ್ದರೆ ಆ ಎರಡು ವಾರಗಳ ದೂಷಣೆ ಬಹುಶಃ ಎರಡು ದಿನಕ್ಕೆ ಮುಗಿಯುತ್ತಿತ್ತು. ಬೆಂಗಳೂರು, ಬೆಳಗಾವಿ, ಕಲಬುರಗಿ, ಮೈಸೂರುಗಳಲ್ಲಿ ವಿಶ್ವವಿದ್ಯಾಲಯದ್ದೇ ಆವರಣಗಳಿವೆ. ಸೆಮಿಸ್ಟರಿನ ಆರಂಭದಲ್ಲಿ ಎರಡು ದಿನ ತಂಡಗಳನ್ನು ಅಲ್ಲಿಗೆ ಕರೆಸಿ, ಬಸ್ಸಿನ ಖರ್ಚು ಮತ್ತು ವಸತಿ ಒದಗಿಸಿದರೆ ಸಾಕು. ವಿದ್ಯಾರ್ಥಿನಿಯರ ಮನೆಯವರು ದೂರದ ಊರಿಗೆ ಕಳಿಸಲು ಹಿಂದೆಮುಂದೆ ನೋಡುವುದು ಸಹಜ. ನನ್ನ ಸ್ನೇಹಿತೆ ಇಬ್ಬರು ತಾಯಂದಿರ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಬೇಕಾಯಿತು. ವಿಶ್ವವಿದ್ಯಾಲಯದ ಮುದ್ರೆಯಿರುವ ಪತ್ರ, ಜೊತೆಗೊಬ್ಬರು ಅಧ್ಯಾಪಕಿ, ಉಳಿಯುವ ಜಾಗದ ಸ್ಪಷ್ಟ ವಿಳಾಸ ಇದ್ದರೆ ಆ ಮಾತು ಸುಲಭವಾಗುತ್ತದೆ.

ಇದನ್ನು ಒಮ್ಮೆಗೇ ಎಲ್ಲರ ಮೇಲೂ ಹೇರಬಾರದೆಂದು ವಿನಂತಿಸುತ್ತೇನೆ. ಕಡ್ಡಾಯ ಮಾಡಿದ ದಿನವೇ ಇದು ಇನ್ನೊಂದು ಕಡತವಾಗುತ್ತದೆ. ಮೊದಲ ವರ್ಷ ಇಷ್ಟಪಟ್ಟು ಮುಂದೆ ಬರುವ ಇಪ್ಪತ್ತು ಬ್ಯಾಚುಗಳು ಸಾಕು. ಹಾವೇರಿ, ರಾಯಚೂರು, ಕಾರವಾರ, ಚಾಮರಾಜನಗರಗಳ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿಂದ ಆರಂಭಿಸಿದರೆ ಇನ್ನೂ ಒಳ್ಳೆಯದು: ನಾಲ್ಕೂ ಕಡೆ ಮಣ್ಣು ಬೇರೆ, ನೀರು ಬೇರೆ, ಬಿಸಿಲು ಬೇರೆ. ರಾಯಚೂರಿನ ಬೇಸಿಗೆಯಲ್ಲಿ ಕೆಲಸ ಮಾಡುವ ಸೋಲಾರ್ ಚಾರ್ಜರ್ ಕಾರವಾರದ ಉಪ್ಪುಗಾಳಿಯಲ್ಲಿ, ಜುಲೈ ತಿಂಗಳ ಮೋಡದಲ್ಲಿ ಏನಾಗುತ್ತದೆ ಎಂದು ಕೇಳುವ ತಂಡವನ್ನು ಒಂದೇ ಊರಿನಲ್ಲಿ ಕಟ್ಟಲು ಬರುವುದಿಲ್ಲ. ಫೈನಲ್ ಇಯರ್‌ಗೆ ಮುಂಚೆ ಬರುವ ಮಿನಿ ಪ್ರಾಜೆಕ್ಟಿನಲ್ಲೇ ಜೋಡಿಗಳನ್ನು ಕೂಡಿಸಿದರೆ ಪ್ಲೇಸ್‌ಮೆಂಟಿನ ಒತ್ತಡ ಬರುವ ಮೊದಲೇ ಅವರಿಗೆ ಒಬ್ಬರ ಪರಿಚಯ ಒಬ್ಬರಿಗಾಗಿರುತ್ತದೆ.

ನಮ್ಮ ತಂಡದ ಕಥೆ ಮುಗಿದ ಬಗೆಯನ್ನೂ ಹೇಳಬೇಕು. ಎರಡು ಕಾಲೇಜುಗಳ ಹೆಸರನ್ನು ಹೊತ್ತ ಪ್ರಮಾಣಪತ್ರದ ನಮೂನೆ ಇಲ್ಲದ್ದರಿಂದ, ವಿದ್ಯಾರ್ಥಿಗಳ ಅಂಕಗಳಿಗೆ ತೊಂದರೆಯಾಗಬಾರದೆಂದು ನಾವಿಬ್ಬರು ಗೈಡ್‌ಗಳೇ ಯೋಚಿಸಿ, ಒಂದೇ ಕೆಲಸವನ್ನು ಎರಡು ವರದಿಗಳಾಗಿ ಒಡೆದೆವು. ನಮ್ಮ ಕಪಾಟಿನಲ್ಲಿರುವ ವರದಿಯಲ್ಲಿ ಸರ್ಕ್ಯೂಟಿದೆ, ಅದಕ್ಕೆ ಜೀವ ಕೊಟ್ಟ ಪ್ರೋಗ್ರಾಂ ಬರೆದವರ ಹೆಸರು ಕೃತಜ್ಞತೆಯ ಪುಟದಲ್ಲಿದೆ. ಅವರ ಕಪಾಟಿನ ವರದಿಯಲ್ಲಿ ಪ್ರೋಗ್ರಾಂ ಇದೆ, ಹೊಲದಲ್ಲಿ ನಿಂತು ಬಿರುಕು ತೋರಿಸಿದವನ ಹೆಸರು ಹಾಗೆಯೇ ಒಂದು ಸಾಲಿನಲ್ಲಿದೆ. ನಾಲ್ವರೂ ಬರೆದ ಆ ಎರಡು ಪುಟದ ಹಾಳೆಯನ್ನು ಎರಡೂ ವರದಿಗಳ ಕೊನೆಗೆ ಅನುಬಂಧವಾಗಿ ಸೇರಿಸಿದ್ದೇವೆ.

ಮುಂದಿನ ಬೆಸ ಸೆಮಿಸ್ಟರ್ ಆರಂಭವಾಗುವ ಮುನ್ನ ಅಧ್ಯಯನ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದೂ ಎರಡು ಕಾಲೇಜುಗಳ ಪ್ರಾಂಶುಪಾಲರು, ಇಬ್ಬರು ಗೈಡ್‌ಗಳು ಸಹಿ ಮಾಡಬಹುದಾದ ಒಂದು ಪ್ರಮಾಣಪತ್ರದ ನಮೂನೆಯನ್ನಾದರೂ ಮೊದಲಿಗೆ ಪ್ರಕಟಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಆ ಹಾಳೆ, ನಮ್ಮ ಲಾಗ್‌ಬುಕ್ಕುಗಳು, ನಾವು ಬಳಸಿದ ಅಂಕ ಹಂಚಿಕೆಯ ಕರಡು ಎಲ್ಲವನ್ನೂ ತಮ್ಮ ಸಮಿತಿಯ ಮುಂದಿಡಲು ನಾವಿಬ್ಬರೂ ಸಿದ್ಧರಿದ್ದೇವೆ. ಈ ವರ್ಷವೂ ನಾಲ್ವರು ಬಂದು ಕೇಳಿದ್ದಾರೆ. ಇಬ್ಬರ ಯುಎಸ್‌ಎನ್ 3ರಿಂದ, ಇಬ್ಬರದು 4ರಿಂದ ಶುರುವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಕಲಬುರಗಿ ಪ್ರದೇಶದ ಒಬ್ಬ ಇಂಜಿನಿಯರಿಂಗ್ ಅಧ್ಯಾಪಕಿ